ಹೊಗೆಯಿಂದ ಇಂಧನ: ಒಬ್ಬ ವಾಣಿಜ್ಯ ವಿದ್ಯಾರ್ಥಿನಿಯ ಲೆಕ್ಕ

ಚಳಿಗಾಲ ಬಂದರೆ ನಮ್ಮ ದಾದಿಗೆ ಅಂಗೀಠಿ ಬೇಕೇ ಬೇಕು. ಅಂಗೀಠಿ ಎಂದರೆ ಇದ್ದಿಲು ಹಾಕಿ ಉರಿಸುವ ಸಣ್ಣ ಒಲೆ. ಅದರ ಸುತ್ತ ಕುಳಿತು ನಾವೆಲ್ಲ ಕೈ ಕಾಯಿಸಿಕೊಳ್ಳುತ್ತೇವೆ. ಆದರೆ ಅದು ಕೋಣೆಯಲ್ಲಿ ಇರುವಷ್ಟು ಹೊತ್ತೂ ದಾದಿ "ದರ್ವಾಜಾ ಬಂದ್ ನಕ್ಕೋ ಕರೋ" ಎನ್ನುತ್ತಲೇ ಇರುತ್ತಾರೆ. ಬಾಗಿಲು ಮುಚ್ಚಬೇಡಿ ಎಂದು ಅರ್ಥ. ಮಲಗುವ ಮುಂಚೆ ಅದನ್ನು ಅಂಗಳಕ್ಕೆ ಇಡಿಸದೆ ಅವರು ಹಾಸಿಗೆಗೆ ಹೋಗುವುದಿಲ್ಲ. ಅವರು ಚಿಕ್ಕವರಿದ್ದಾಗ ಅವರ ಬೀದಿಯಲ್ಲಿ ಒಂದು ಕುಟುಂಬ ಚಳಿಗೆ ಹೆದರಿ ಕಿಟಕಿ ಬಾಗಿಲು ಮುಚ್ಚಿ, ಒಳಗೆ ಇದ್ದಿಲು ಇಟ್ಟುಕೊಂಡು ಮಲಗಿತ್ತಂತೆ. ಬೆಳಿಗ್ಗೆ ಅವರಲ್ಲಿ ಇಬ್ಬರು ಏಳಲೇ ಇಲ್ಲ. "ಹೊಗೆ ಕಾಣಲಿಲ್ಲ, ವಾಸನೆ ಬರಲಿಲ್ಲ, ಜೀವ ಹೋಯಿತು" ಎಂದು ದಾದಿ ಈಗಲೂ ಹೇಳುತ್ತಾರೆ.

ಆ ಕಾಣದ ವಿಷದ ಹೆಸರು ಕಾರ್ಬನ್ ಮೊನಾಕ್ಸೈಡ್. ಇದ್ದಿಲಿಗೆ ಉರಿಯಲು ಸಾಕಷ್ಟು ಗಾಳಿ ಸಿಗದಿದ್ದಾಗ ಇದು ಹುಟ್ಟುತ್ತದೆ. ನಮ್ಮ ರಕ್ತದಲ್ಲಿ ಆಮ್ಲಜನಕವನ್ನು ಹೊತ್ತೊಯ್ಯುವ ಹಿಮೋಗ್ಲೋಬಿನ್‌ಗೆ ಇದು ಗಟ್ಟಿಯಾಗಿ ಅಂಟಿಕೊಳ್ಳುತ್ತದೆ. ಆಗ ಉಸಿರಾಡುತ್ತಿದ್ದರೂ ದೇಹಕ್ಕೆ ಆಮ್ಲಜನಕ ತಲುಪುವುದಿಲ್ಲ.

ಕಳೆದ ತಿಂಗಳು ವಿಜ್ಞಾನ ವಿಭಾಗದ ನನ್ನ ಗೆಳತಿ ಗ್ರಂಥಾಲಯದಲ್ಲಿ, "ಈ ಗಾಳಿಯನ್ನೇ ತಿಂದು ಬದುಕುವ ಒಂದು ಬ್ಯಾಕ್ಟೀರಿಯಾ ಇದೆ, ಅದು ಕಾರ್ಖಾನೆಯ ಹೊಗೆಯನ್ನು ಇಂಧನ ಮಾಡಿ ಕೊಡುತ್ತದೆ" ಎಂದಳು. ನಾನು ತಮಾಷೆ ಮಾಡುತ್ತಿದ್ದಾಳೆ ಎಂದುಕೊಂಡೆ. ನಂತರ ಓದಿ ನೋಡಿದರೆ ಅವಳ ಮಾತು ನಿಜವಾಗಿತ್ತು. ಮರುದಿನ ಇದನ್ನು ನಮ್ಮ ಲೆಕ್ಕಶಾಸ್ತ್ರದ ಸರ್ ಅವರಿಗೆ ಹೇಳಿದೆ. ಅವರು ಒಂದೇ ಪ್ರಶ್ನೆ ಕೇಳಿದರು: "ಒಳ್ಳೆಯದಮ್ಮಾ. ಕಚ್ಚಾವಸ್ತು ಪುಕ್ಕಟೆ, ಕೆಲಸಗಾರ ಬ್ಯಾಕ್ಟೀರಿಯಾ, ಸಂಬಳವೂ ಬೇಡ. ಹಾಗಾದರೆ ಜಗತ್ತಿನ ಎಲ್ಲ ಕಾರ್ಖಾನೆಗಳೂ ಇದನ್ನು ಯಾಕೆ ಮಾಡುತ್ತಿಲ್ಲ?"

ನನಗೆ ಉತ್ತರ ಗೊತ್ತಿರಲಿಲ್ಲ. ಆ ಉತ್ತರ ಹುಡುಕುತ್ತಾ ನಾನು ಓದಿ ತಿಳಿದದ್ದನ್ನು ಈ ಲೇಖನದಲ್ಲಿ ನಿಮ್ಮೊಂದಿಗೆ ಹಂಚಿಕೊಳ್ಳುತ್ತಿದ್ದೇನೆ.

ಹೊಗೆಯಲ್ಲಿ ಏನಿದೆ?

ಮೊದಲು ಉಕ್ಕಿನ ಕಾರ್ಖಾನೆಯನ್ನು ತೆಗೆದುಕೊಳ್ಳೋಣ. ಭೂಮಿಯಿಂದ ತೆಗೆದ ಅದಿರಿನಲ್ಲಿ ಕಬ್ಬಿಣ ಒಂಟಿಯಾಗಿ ಇರುವುದಿಲ್ಲ, ಆಮ್ಲಜನಕದ ಜೊತೆ ಸೇರಿಕೊಂಡಿರುತ್ತದೆ. ಆ ಆಮ್ಲಜನಕವನ್ನು ಬಿಡಿಸಲು ಊದುಕುಲುಮೆಯಲ್ಲಿ ಅದಿರಿನ ಜೊತೆ ಕಲ್ಲಿದ್ದಲಿನಿಂದ ಮಾಡಿದ ಕೋಕ್ ಹಾಕಿ, ಕೆಳಗಿನಿಂದ ಬಿಸಿಗಾಳಿ ಊದುತ್ತಾರೆ. ಕೋಕ್‌ನ ಇಂಗಾಲ ಕಾರ್ಬನ್ ಮೊನಾಕ್ಸೈಡ್ ಆಗಿ ಮೇಲೇರುತ್ತದೆ, ಅದಿರಿನಿಂದ ಆಮ್ಲಜನಕವನ್ನು ಕಿತ್ತುಕೊಂಡು ಕಾರ್ಬನ್ ಡೈಆಕ್ಸೈಡ್ ಆಗುತ್ತದೆ. ಆದರೆ ಎಲ್ಲ ಮೊನಾಕ್ಸೈಡ್‌ಗೂ ಕೆಲಸ ಸಿಗುವುದಿಲ್ಲ. ಕುಲುಮೆಯ ತುದಿಯಿಂದ ಹೊರಬರುವ ಅನಿಲದಲ್ಲಿ ಸುಮಾರು ಅರ್ಧ ಭಾಗ ಸಾರಜನಕ, ಐದನೇ ಒಂದರಿಂದ ನಾಲ್ಕನೇ ಒಂದು ಭಾಗದಷ್ಟು ಕಾರ್ಬನ್ ಮೊನಾಕ್ಸೈಡ್ ಇರುತ್ತದೆ. ಕಬ್ಬಿಣವನ್ನು ಉಕ್ಕಾಗಿಸುವ ಮುಂದಿನ ಹಂತದ ಅನಿಲದಲ್ಲಂತೂ ಅರ್ಧಕ್ಕಿಂತ ಹೆಚ್ಚು ಅದೇ ಇರುತ್ತದೆ.

ದಾದಿಯ ಅಂಗೀಠಿಯಲ್ಲಿ ಹುಟ್ಟುವ ಅದೇ ಅನಿಲ ಇಲ್ಲಿ ಟನ್‌ಗಟ್ಟಲೆ ಹುಟ್ಟುತ್ತದೆ. ಅದು ವಿಷ ಎಂಬುದು ನಿಜ. ಆದರೆ ಅದಕ್ಕೆ ಬೆಂಕಿ ತಾಗಿದರೆ ನೀಲಿ ಜ್ವಾಲೆಯಾಗಿ ಉರಿಯುತ್ತದೆ. ಅಂದರೆ ಅದರಲ್ಲಿ ಇನ್ನೂ ಶಕ್ತಿ ಉಳಿದಿದೆ ಎಂದಾಯಿತು. ಪೂರ್ತಿ ಉರಿದು ಮುಗಿದ ಕಾರ್ಬನ್ ಡೈಆಕ್ಸೈಡ್‌ನಲ್ಲಿ ಆ ಶಕ್ತಿ ಇಲ್ಲ. ಈ ವ್ಯತ್ಯಾಸವನ್ನು ದಯವಿಟ್ಟು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಜಗತ್ತಿನ ಕಾರ್ಬನ್ ಡೈಆಕ್ಸೈಡ್ ಹೊರಸೂಸುವಿಕೆಯಲ್ಲಿ ಉಕ್ಕಿನ ಉದ್ಯಮದ ಪಾಲು ಸುಮಾರು ಶೇ. 7ರಿಂದ 8. ಭಾರತವು ಚೀನಾದ ನಂತರ ಜಗತ್ತಿನಲ್ಲಿ ಅತಿ ಹೆಚ್ಚು ಉಕ್ಕು ತಯಾರಿಸುವ ದೇಶ. ಆದ್ದರಿಂದ ಇದು ನಮ್ಮ ಮನೆಯ ಮಾತೂ ಹೌದು.

ಹೊಗೆಯಲ್ಲಿ ಸರಕು ಕಾಣುವುದು ನಮ್ಮ ರಾಜ್ಯಕ್ಕೆ ಹೊಸದಲ್ಲ. ನನ್ನ ದಾದಾ ಭದ್ರಾವತಿಯ ಕಬ್ಬಿಣದ ಕಾರ್ಖಾನೆಯಲ್ಲಿ ಕೆಲಸ ಮಾಡಿದವರು. 1923ರಲ್ಲಿ ಉತ್ಪಾದನೆ ಆರಂಭಿಸಿದ ಆ ಕಾರ್ಖಾನೆಯ ಮೊದಲ ಹೆಸರು ಮೈಸೂರು ವುಡ್ ಡಿಸ್ಟಿಲೇಷನ್ ಅಂಡ್ ಐರನ್ ವರ್ಕ್ಸ್. ಆಗ ಅಲ್ಲಿ ಕೋಕ್ ಬದಲು ಮಲೆನಾಡಿನ ಮರದ ಇದ್ದಿಲನ್ನು ಬಳಸುತ್ತಿದ್ದರು. ಮರವನ್ನು ಗಾಳಿ ಇಲ್ಲದೆ ಕಾಯಿಸಿ ಇದ್ದಿಲು ಮಾಡುವಾಗ ಬರುವ ಆವಿಯನ್ನು ಬಿಟ್ಟುಬಿಡದೆ, ತಣಿಸಿ ಅದರಿಂದ ಮೆಥನಾಲ್ ಮತ್ತು ಟಾರು ತೆಗೆಯುತ್ತಿದ್ದರು. ಅಲ್ಲಿ ಬ್ಯಾಕ್ಟೀರಿಯಾ ಇರಲಿಲ್ಲ, ಬರೀ ಶಾಖ ಮತ್ತು ತಣ್ಣೀರು. ಆದರೆ ಹೊಗೆ ಎಂದು ಬಿಡುವುದನ್ನು ಉಪ ಉತ್ಪನ್ನವಾಗಿ ನೋಡುವ ಕಣ್ಣು ನೂರು ವರ್ಷದ ಹಿಂದೆಯೇ ಇತ್ತು.

ಮೊಲದ ಹಿಕ್ಕೆಯಿಂದ ಬಂದ ಜೀವಿ

ಈಗ ಬ್ಯಾಕ್ಟೀರಿಯಾ ವಿಷಯಕ್ಕೆ ಬರೋಣ. ಇದರ ಹೆಸರು ಕ್ಲಾಸ್ಟ್ರಿಡಿಯಂ ಆಟೋಎಥನೋಜೆನಮ್. 1994ರಲ್ಲಿ ಬೆಲ್ಜಿಯಂನ ಸಂಶೋಧಕರು ಇದನ್ನು ವಿವರಿಸಿದರು. ಅವರಿಗೆ ಇದು ಸಿಕ್ಕಿದ್ದು ಮೊಲದ ಹಿಕ್ಕೆಯಲ್ಲಿ! ಇದರ ಹತ್ತಿರದ ಸಂಬಂಧಿ ಕ್ಲಾಸ್ಟ್ರಿಡಿಯಂ ಲ್ಯುಂಗ್ಡಾಲಿ ಅಮೆರಿಕದಲ್ಲಿ ಸಿಕ್ಕಿದ್ದು ಕೋಳಿಯ ತ್ಯಾಜ್ಯದಲ್ಲಿ. ನಾವು ಮೂಗು ಮುಚ್ಚಿಕೊಂಡು ದೂರ ಸರಿಯುವ ಜಾಗದಲ್ಲಿ ಈ ವಿಜ್ಞಾನಿಗಳು ಕುಳಿತು ಹುಡುಕಿದರು.

ಕ್ಲಾಸ್ಟ್ರಿಡಿಯಂ ಎಂಬ ಹೆಸರು ಕೇಳಿ ಜೀವಶಾಸ್ತ್ರದವರು ಹೆದರಬಹುದು. ಧನುರ್ವಾಯು ತರುವ ಬ್ಯಾಕ್ಟೀರಿಯಾ ಕೂಡ ಇದೇ ಕುಲಕ್ಕೆ ಸೇರಿದ್ದು. ಆದರೆ ಒಂದೇ ಕುಟುಂಬದಲ್ಲಿ ಒಬ್ಬ ಜಗಳಗಂಟ, ಇನ್ನೊಬ್ಬ ದುಡಿಮೆಗಾರ ಇರುವುದಿಲ್ಲವೇ? ಇದು ರೋಗ ತರುವ ಜೀವಿಯಲ್ಲ. ಇದಕ್ಕೆ ಆಮ್ಲಜನಕ ಆಗುವುದಿಲ್ಲ. ನಮಗೆ ಯಾವುದು ಜೀವವೋ ಅದು ಇದಕ್ಕೆ ಅಪಾಯ, ನಮಗೆ ಯಾವುದು ವಿಷವೋ ಅದು ಇದಕ್ಕೆ ಊಟ.

ಇದು ಊಟ ಮಾಡುವ ಬಗೆಗೆ ವುಡ್-ಲ್ಯುಂಗ್ಡಾಲ್ ಮಾರ್ಗ ಎಂದು ಹೆಸರು. ಅದನ್ನು ಬಿಡಿಸಿದ ಹಾರ್ಲಂಡ್ ವುಡ್ ಮತ್ತು ಲಾರ್ಸ್ ಲ್ಯುಂಗ್ಡಾಲ್ ಎಂಬ ವಿಜ್ಞಾನಿಗಳ ಹೆಸರು ಅದಕ್ಕೆ ಬಂದಿದೆ. ಬ್ಯಾಕ್ಟೀರಿಯಾದೊಳಗೆ ನಿಕಲ್ ಮತ್ತು ಕಬ್ಬಿಣ ಇರುವ ಒಂದು ಕಿಣ್ವ ಇದೆ. ಅದು ಕಾರ್ಬನ್ ಮೊನಾಕ್ಸೈಡ್ ಅನ್ನು ಹಿಡಿದು ಅದರಲ್ಲಿ ಉಳಿದಿರುವ ಶಕ್ತಿಯನ್ನು ಬಿಡಿಸಿಕೊಳ್ಳುತ್ತದೆ. ಆ ಶಕ್ತಿಯಿಂದ ಒಂದೊಂದೇ ಇಂಗಾಲದ ತುಣುಕುಗಳನ್ನು ಎರಡೆರಡಾಗಿ ಜೋಡಿಸುತ್ತದೆ. ಹೀಗೆ ಜೋಡಿಸಿದ್ದು ಕೊನೆಗೆ ಎರಡು ರೂಪದಲ್ಲಿ ಹೊರಬರುತ್ತದೆ: ಒಂದು ಅಸಿಟಿಕ್ ಆಮ್ಲ, ಅಂದರೆ ನಮ್ಮ ಅಡುಗೆಮನೆಯ ವಿನೆಗರ್‌ನಲ್ಲಿರುವ ಹುಳಿ. ಇನ್ನೊಂದು ಎಥನಾಲ್. ಹುಳಿ ಕಡಿಮೆ, ಎಥನಾಲ್ ಹೆಚ್ಚು ಬರುವಂತೆ ಪರಿಸ್ಥಿತಿಯನ್ನು ಹೊಂದಿಸುವುದೇ ಎಂಜಿನಿಯರ್‌ಗಳ ಜಾಣ್ಮೆ.

ಎಥನಾಲ್ ಎಂದ ಕೂಡಲೇ ನಮ್ಮ ಮನೆಯಲ್ಲಿ ಅಮ್ಮೀ ಹುಬ್ಬೇರಿಸಿದರು: "ಅದು ಶರಾಬು ಅಲ್ವಾ?" ಹೌದು, ಮದ್ಯದಲ್ಲಿ ಇರುವುದೂ ಇದೇ ರಾಸಾಯನಿಕ. ಆದರೆ ಇಂಧನಕ್ಕಾಗಿ ಮಾಡಿದ ಎಥನಾಲ್‌ಗೆ ಯಾರೂ ಕುಡಿಯಲಾಗದಂತೆ ಬೇರೆ ವಸ್ತುವನ್ನು ಬೆರೆಸಿಯೇ ಹೊರಗೆ ಕಳಿಸುತ್ತಾರೆ. ಅದು ಹೋಗುವುದು ಗಾಡಿಯ ಟ್ಯಾಂಕಿಗೆ. ಅಬ್ಬಾ ನಗುತ್ತಾ, "ನಮ್ಮ ಸ್ಕೂಟರ್ ಎಷ್ಟೋ ವರ್ಷದಿಂದ ಕುಡಿಯುತ್ತಿದೆ" ಎಂದರು. ನಿಜ, ಬಂಕಿನಲ್ಲಿ ನಾವು ಹಾಕಿಸುವ ಪೆಟ್ರೋಲಿನಲ್ಲಿ ಈಗ ಶೇ. 20ರಷ್ಟು ಎಥನಾಲ್ ಇರುತ್ತದೆ. ಅದರಲ್ಲಿ ಹೆಚ್ಚಿನದು ಕಬ್ಬು, ಮೆಕ್ಕೆಜೋಳ ಮತ್ತು ಅಕ್ಕಿಯಿಂದ ಬಂದದ್ದು.

ಕಾರ್ಖಾನೆಯಲ್ಲಿ ನಡೆಯುವುದು ಹೇಗೆ?

ಕೆಲಸ ನಾಲ್ಕು ಹಂತದಲ್ಲಿ ನಡೆಯುತ್ತದೆ.

ಮೊದಲನೆಯದು, ಅನಿಲವನ್ನು ತೊಳೆಯುವುದು. ಕುಲುಮೆಯಿಂದ ಬಂದ ಅನಿಲದಲ್ಲಿ ಧೂಳು, ಆಮ್ಲಜನಕ, ಬ್ಯಾಕ್ಟೀರಿಯಾಗೆ ಆಗದ ಇತರ ವಸ್ತುಗಳು ಇರುತ್ತವೆ. ಅವನ್ನು ತೆಗೆದು, ತಣಿಸಿ, ಒತ್ತಡ ಕೊಡಬೇಕು.

ಎರಡನೆಯದು, ಹುದುಗಿಸುವುದು. ಎತ್ತರದ ಉಕ್ಕಿನ ತೊಟ್ಟಿಯಲ್ಲಿ ನೀರು, ಲವಣಗಳು ಮತ್ತು ಬ್ಯಾಕ್ಟೀರಿಯಾ ಇರುತ್ತವೆ. ಉಷ್ಣತೆ ಸುಮಾರು 37 ಡಿಗ್ರಿ, ಅಂದರೆ ನಮ್ಮ ಮೈಯಷ್ಟೇ ಬಿಸಿ. ಕೆಳಗಿನಿಂದ ಅನಿಲವನ್ನು ಸಣ್ಣ ಸಣ್ಣ ಗುಳ್ಳೆಗಳಾಗಿ ಬಿಡುತ್ತಾರೆ. ಇಲ್ಲೊಂದು ತೊಡಕು ಇದೆ. ಸಕ್ಕರೆ ನೀರಿನಲ್ಲಿ ಸುಲಭವಾಗಿ ಕರಗುತ್ತದೆ, ಕಾರ್ಬನ್ ಮೊನಾಕ್ಸೈಡ್ ಕರಗುವುದು ಬಹಳ ಕಡಿಮೆ. ಊಟ ಎದುರಿಗಿದ್ದರೂ ಬಾಯಿಗೆ ಬರುವುದಿಲ್ಲ ಎನ್ನುವ ಹಾಗೆ. ಗುಳ್ಳೆ ಎಷ್ಟು ಸಣ್ಣದಾಗಿದ್ದರೆ ಅಷ್ಟು ಹೆಚ್ಚು ಅನಿಲ ನೀರಿಗೆ ಇಳಿಯುತ್ತದೆ. ಅದಕ್ಕೇ ತೊಟ್ಟಿಯ ವಿನ್ಯಾಸಕ್ಕೆ ಇಷ್ಟೊಂದು ಬೆಲೆ.

ಮೂರನೆಯದು, ಬಟ್ಟಿ ಇಳಿಸುವುದು. ತೊಟ್ಟಿಯ ನೀರಿನಲ್ಲಿ ಎಥನಾಲ್ ನೂರಕ್ಕೆ ಕೆಲವೇ ಭಾಗ ಇರುತ್ತದೆ. ಅದನ್ನು ಬೇರ್ಪಡಿಸಲು ಶಾಖ ಬೇಕು, ಶಾಖಕ್ಕೆ ಖರ್ಚು ಬೇಕು.

ನಾಲ್ಕನೆಯದು, ಉಳಿದದ್ದನ್ನು ಬಳಸುವುದು. ಬ್ಯಾಕ್ಟೀರಿಯಾಗಳು ಬೆಳೆದು ಹೆಚ್ಚಾಗುತ್ತವೆ. ಹೆಚ್ಚಾದವನ್ನು ಒಣಗಿಸಿದರೆ ಅದರಲ್ಲಿ ಪ್ರೋಟೀನ್ ತುಂಬಾ ಇರುತ್ತದೆ. ಚೀನಾ ಸರ್ಕಾರ 2021ರಲ್ಲಿ ಇದನ್ನು ಪಶು ಆಹಾರದ ಪದಾರ್ಥವಾಗಿ ಒಪ್ಪಿಕೊಂಡಿದೆ. ಉಪ ಉತ್ಪನ್ನದಿಂದ ಮತ್ತೊಂದು ಉಪ ಉತ್ಪನ್ನ!

ಎಲ್ಲೆಲ್ಲಿ ನಡೆಯುತ್ತಿದೆ?

ಈ ಕೆಲಸದಲ್ಲಿ ಎಲ್ಲಕ್ಕಿಂತ ಮುಂದೆ ಹೋದ ಕಂಪನಿ ಲ್ಯಾಂಜಾಟೆಕ್. 2005ರಲ್ಲಿ ನ್ಯೂಜಿಲೆಂಡ್‌ನಲ್ಲಿ ಶಾನ್ ಸಿಂಪ್ಸನ್ ಮತ್ತು ರಿಚರ್ಡ್ ಫಾರ್ಸ್ಟರ್ ಎಂಬ ಇಬ್ಬರು ಇದನ್ನು ಆರಂಭಿಸಿದರು. 2008ರಲ್ಲಿ ಅಲ್ಲಿನ ಗ್ಲೆನ್‌ಬ್ರೂಕ್ ಉಕ್ಕಿನ ಕಾರ್ಖಾನೆಯ ಪಕ್ಕದಲ್ಲಿ ಸಣ್ಣ ಪ್ರಾಯೋಗಿಕ ಘಟಕ ನಡೆಸಿದರು. 2012ರಲ್ಲಿ ಚೀನಾದ ಶಾಂಘೈ ಬಳಿ ಅದಕ್ಕಿಂತ ದೊಡ್ಡ ಘಟಕ. 2018ರಲ್ಲಿ ಚೀನಾದ ಹೆಬೈ ಪ್ರಾಂತ್ಯದ ಕಾವೊಫೈದಿಯನ್ ಎಂಬಲ್ಲಿ ಶೌಗಾಂಗ್ ಉಕ್ಕಿನ ಕಂಪನಿಯ ಜೊತೆ ವರ್ಷಕ್ಕೆ ಸುಮಾರು 46,000 ಟನ್ ಎಥನಾಲ್ ತಯಾರಿಸುವ ಮೊದಲ ವಾಣಿಜ್ಯ ಘಟಕ ಆರಂಭವಾಯಿತು. ಪ್ರಾಯೋಗಿಕ ಘಟಕದಿಂದ ವಾಣಿಜ್ಯ ಘಟಕಕ್ಕೆ 10 ವರ್ಷ ಬೇಕಾಯಿತು ಎಂಬುದನ್ನು ಗಮನಿಸಿ.

ಅದೇ 2018ರ ಅಕ್ಟೋಬರ್‌ನಲ್ಲಿ ಅಮೆರಿಕದ ಆರ್ಲ್ಯಾಂಡೊದಿಂದ ಲಂಡನ್‌ನ ಗ್ಯಾಟ್‌ವಿಕ್‌ಗೆ ಹಾರಿದ ವರ್ಜಿನ್ ಅಟ್ಲಾಂಟಿಕ್ ವಿಮಾನದ ಇಂಧನದಲ್ಲಿ ಒಂದು ಪಾಲು, ಉಕ್ಕಿನ ಕಾರ್ಖಾನೆಯ ಅನಿಲದಿಂದ ಬಂದ ಎಥನಾಲ್ ಅನ್ನು ಬದಲಾಯಿಸಿ ಮಾಡಿದ್ದಾಗಿತ್ತು. ಯುರೋಪಿನಲ್ಲಿ ಬೆಲ್ಜಿಯಂನ ಗೆಂಟ್ ನಗರದ ಆರ್ಸೆಲರ್ ಮಿತ್ತಲ್ ಕಾರ್ಖಾನೆಯಲ್ಲಿ 2022ರ ಡಿಸೆಂಬರ್‌ನಲ್ಲಿ ಸ್ಟೀಲನಾಲ್ ಎಂಬ ಘಟಕದ ಉದ್ಘಾಟನೆಯಾಯಿತು. ಅದರ ಸಾಮರ್ಥ್ಯ ವರ್ಷಕ್ಕೆ 8 ಕೋಟಿ ಲೀಟರ್, ವೆಚ್ಚ ಸುಮಾರು 20 ಕೋಟಿ ಯೂರೋ.

ನಮ್ಮ ದೇಶದಲ್ಲೂ ಇದೆ. ಹರಿಯಾಣದ ಪಾಣಿಪತ್‌ನಲ್ಲಿ ಇಂಡಿಯನ್ ಆಯಿಲ್ ಸಂಸ್ಥೆಯ ತೈಲ ಶುದ್ಧೀಕರಣ ಕಾರ್ಖಾನೆ ಇದೆ. ಅಲ್ಲಿ ಹೈಡ್ರೋಜನ್ ತಯಾರಿಸುವಾಗ ಹೊರಬರುವ ಅನಿಲವನ್ನು ಇದೇ ತಂತ್ರಜ್ಞಾನದಿಂದ ಎಥನಾಲ್ ಮಾಡುವ ಘಟಕವನ್ನು ಕಟ್ಟಿದ್ದಾರೆ. ಸಾಮರ್ಥ್ಯ ದಿನಕ್ಕೆ 1,28,000 ಲೀಟರ್. ಇದನ್ನು ಮೂರನೇ ತಲೆಮಾರಿನ ಎಥನಾಲ್ ಎಂದು ಸಂಸ್ಥೆ ಕರೆಯುತ್ತದೆ. ಕಬ್ಬು, ಧಾನ್ಯದಿಂದ ಬರುವುದು ಮೊದಲನೆಯದು. ಭತ್ತದ ಹುಲ್ಲಿನಿಂದ ಬರುವುದು ಎರಡನೆಯದು, ಅದರ ಘಟಕವೂ ಪಾಣಿಪತ್‌ನಲ್ಲಿಯೇ ಇದ್ದು 2022ರ ಆಗಸ್ಟ್‌ನಲ್ಲಿ ದೇಶಕ್ಕೆ ಸಮರ್ಪಣೆಯಾಯಿತು. ಮೂರನೆಯದಕ್ಕೆ ಹೊಲ ಬೇಡ, ಬೋರ್‌ವೆಲ್ ಬೇಡ, ಮಳೆಗೆ ಕಾಯಬೇಕಿಲ್ಲ. ಊಟದ ತಟ್ಟೆಗೆ ಹೋಗುವ ಧಾನ್ಯಕ್ಕೂ ಇದು ಕೈ ಹಾಕುವುದಿಲ್ಲ. ಇದು ಈ ತಂತ್ರಜ್ಞಾನದ ದೊಡ್ಡ ಗುಣ.

ಪರಮಾಣುಗಳ ಖಾತೆ

ಇಲ್ಲಿಯವರೆಗೆ ಓದಿದಾಗ ನನಗೂ ತುಂಬಾ ಸಂತೋಷವಾಗಿತ್ತು. ನಂತರ ರಸಾಯನಶಾಸ್ತ್ರದ ಗೆಳತಿ ಒಂದು ಸಮೀಕರಣ ಬರೆದು ಕೊಟ್ಟಳು. ನಮ್ಮ ಲೆಕ್ಕಪುಸ್ತಕದಲ್ಲಿ ಎಡಬದಿಯ ಮೊತ್ತಕ್ಕೆ ಬಲಬದಿಯ ಮೊತ್ತ ಸರಿಹೊಂದಬೇಕಲ್ಲವೇ? ಅವರಲ್ಲೂ ಹಾಗೆಯೇ, ಪರಮಾಣುಗಳು ಸರಿಹೊಂದಬೇಕು. ಆ ಸಮೀಕರಣವನ್ನು ಮಾತಿನಲ್ಲಿ ಹೇಳುತ್ತೇನೆ: ಆರು ಕಾರ್ಬನ್ ಮೊನಾಕ್ಸೈಡ್ ಅಣು ಮತ್ತು ಮೂರು ನೀರಿನ ಅಣು ಒಳಗೆ ಹೋದರೆ, ಒಂದು ಎಥನಾಲ್ ಅಣು ಮತ್ತು ನಾಲ್ಕು ಕಾರ್ಬನ್ ಡೈಆಕ್ಸೈಡ್ ಅಣು ಹೊರಬರುತ್ತವೆ.

ಈಗ ಇಂಗಾಲವನ್ನು ಮಾತ್ರ ಎಣಿಸೋಣ. ಒಳಗೆ ಹೋದದ್ದು 6. ಒಂದು ಎಥನಾಲ್‌ನಲ್ಲಿ ಇರುವುದು 2. ಉಳಿದ 4 ಕಾರ್ಬನ್ ಡೈಆಕ್ಸೈಡ್ ಆಗಿ ಅಲ್ಲಿಯೇ ಹೊರಹೋಯಿತು. ಅಂದರೆ ಬರೀ ಕಾರ್ಬನ್ ಮೊನಾಕ್ಸೈಡ್ ಕೊಟ್ಟರೆ ಮೂರನೇ ಒಂದು ಭಾಗ ಇಂಗಾಲ ಮಾತ್ರ ಇಂಧನವಾಗುತ್ತದೆ. ತೂಕದಲ್ಲಿ ಹೇಳಿದರೆ 100 ಕೆ.ಜಿ. ಕಾರ್ಬನ್ ಮೊನಾಕ್ಸೈಡ್‌ಗೆ ಹೆಚ್ಚೆಂದರೆ 27 ಕೆ.ಜಿ. ಎಥನಾಲ್, ಅಂದರೆ ಸುಮಾರು 35 ಲೀಟರ್.

ಮುಂದಿನ ಸಾಲು ಇನ್ನೂ ಮುಖ್ಯ. ಆ ಎಥನಾಲ್ ಅನ್ನು ಯಾರೋ ಗಾಡಿಗೆ ಹಾಕಿ ಓಡಿಸುತ್ತಾರೆ. ಆಗ ಅದರ 2 ಇಂಗಾಲವೂ ಕಾರ್ಬನ್ ಡೈಆಕ್ಸೈಡ್ ಆಗಿ ಗಾಳಿಗೆ ಹೋಗುತ್ತದೆ. 4 ಮತ್ತು 2, ಒಟ್ಟು 6. ಕಾರ್ಖಾನೆ ಆ ಅನಿಲವನ್ನು ಸುಮ್ಮನೆ ಉರಿಸಿಬಿಟ್ಟಿದ್ದರೆ ಎಷ್ಟು ಹೋಗುತ್ತಿತ್ತು? ಅದೂ 6!

ಇದನ್ನು ನೋಡಿ ನಾನು ಬೆಪ್ಪಾದೆ. ಹಾಗಾದರೆ ಲಾಭ ಎಲ್ಲಿದೆ?

ಲಾಭ ಬೇರೆ ಖಾತೆಯಲ್ಲಿದೆ. ಆ ಗಾಡಿಗೆ ಎಥನಾಲ್ ಸಿಕ್ಕಿದ್ದರಿಂದ ಅದು ಅಷ್ಟು ಪೆಟ್ರೋಲ್ ಕುಡಿಯಲಿಲ್ಲ. ಆ ಪೆಟ್ರೋಲ್‌ಗಾಗಿ ಭೂಮಿಯಿಂದ ತೆಗೆಯಬೇಕಿದ್ದ ಕಚ್ಚಾತೈಲ ಭೂಮಿಯಲ್ಲೇ ಉಳಿಯಿತು. ಕಾರ್ಖಾನೆಯ ಇಂಗಾಲ ಮಾಯವಾಗಲಿಲ್ಲ, ಒಂದು ಸಲದ ಬದಲು ಎರಡು ಸಲ ಕೆಲಸ ಮಾಡಿತು: ಒಮ್ಮೆ ಉಕ್ಕಿಗೆ, ಒಮ್ಮೆ ಗಾಡಿಗೆ. "ಹೊಗೆ ಮಾಯ" ಎಂದು ಯಾರಾದರೂ ಹೇಳಿದರೆ ಅದು ತಪ್ಪು. "ಒಂದೇ ಇಂಗಾಲದಿಂದ ಎರಡು ಕೆಲಸ" ಎಂದರೆ ಸರಿ.

ಇದೇ ಕಾರಣಕ್ಕೆ ಇದನ್ನು ನವೀಕರಿಸಬಹುದಾದ ಇಂಧನ ಎನ್ನಬಹುದೇ ಎಂಬ ಪ್ರಶ್ನೆಯೂ ಇದೆ. ಕಬ್ಬಿನ ಇಂಗಾಲ ಗಾಳಿಯಿಂದ ಬಂದು ಗಾಳಿಗೆ ಹೋಗುತ್ತದೆ, ಮುಂದಿನ ಬೆಳೆ ಅದನ್ನು ಮತ್ತೆ ಹೀರುತ್ತದೆ. ಉಕ್ಕಿನ ಕಾರ್ಖಾನೆಯ ಇಂಗಾಲ ಕಲ್ಲಿದ್ದಲಿನಿಂದ ಬಂದದ್ದು, ಅದು ಭೂಮಿಗೆ ಹಿಂತಿರುಗುವುದಿಲ್ಲ. ಯುರೋಪಿನ ಕಾನೂನು ಇದನ್ನು ನವೀಕರಿಸಬಹುದಾದ ಇಂಧನ ಎನ್ನದೆ, ಮರುಬಳಕೆಯ ಇಂಗಾಲದ ಇಂಧನ ಎಂಬ ಬೇರೆ ಹೆಸರಿನಲ್ಲಿ ಇಡುತ್ತದೆ. ನನಗೆ ಆ ಹೆಸರೇ ಪ್ರಾಮಾಣಿಕ ಅನಿಸಿತು.

ಒಂದು ಒಳ್ಳೆಯ ಸುದ್ದಿಯೂ ಇದೆ. ಅನಿಲದಲ್ಲಿ ಹೈಡ್ರೋಜನ್ ಕೂಡ ಇದ್ದರೆ ಬ್ಯಾಕ್ಟೀರಿಯಾ ಶಕ್ತಿಗಾಗಿ ಇಂಗಾಲವನ್ನು ಸುಡಬೇಕಿಲ್ಲ. ಆಗ ಹೆಚ್ಚು ಇಂಗಾಲ ಎಥನಾಲ್ ಆಗುತ್ತದೆ. ಹೈಡ್ರೋಜನ್ ಸಾಕಷ್ಟಿದ್ದರೆ ಕಾರ್ಬನ್ ಡೈಆಕ್ಸೈಡ್ ಅನ್ನೂ ಅದು ಉಣ್ಣಬಲ್ಲದು. ಬಿಸಿಲು, ಗಾಳಿಯ ವಿದ್ಯುತ್ತಿನಿಂದ ನೀರನ್ನು ಒಡೆದು ಅಗ್ಗವಾಗಿ ಹೈಡ್ರೋಜನ್ ಮಾಡುವ ದಿನ ಬಂದರೆ ಈ ಖಾತೆಯೇ ಬದಲಾಗುತ್ತದೆ.

ಹಣದ ಖಾತೆ

ಈಗ ಸರ್ ಕೇಳಿದ ಪ್ರಶ್ನೆಗೆ ಬರುತ್ತೇನೆ. ಎಲ್ಲರೂ ಯಾಕೆ ಮಾಡುತ್ತಿಲ್ಲ? ನನಗೆ ನಾಲ್ಕು ಕಾರಣಗಳು ಕಂಡವು.

ಒಂದು, ಕಚ್ಚಾವಸ್ತು ಪುಕ್ಕಟೆ ಅಲ್ಲ. ಅರ್ಥಶಾಸ್ತ್ರದಲ್ಲಿ ನಾವು ಅವಕಾಶ ವೆಚ್ಚ ಎಂಬುದನ್ನು ಓದಿದ್ದೇವೆ. ಒಂದು ವಸ್ತುವನ್ನು ಒಂದು ಕಡೆ ಬಳಸಿದರೆ ಇನ್ನೊಂದು ಕಡೆ ಬಿಟ್ಟುಕೊಟ್ಟದ್ದೇ ಅದರ ವೆಚ್ಚ. ಉಕ್ಕಿನ ಕಾರ್ಖಾನೆಗಳು ಈ ಅನಿಲವನ್ನು ಹಲವು ಕಡೆ ಈಗಾಗಲೇ ಉರಿಸಿ ಶಾಖ ಮತ್ತು ವಿದ್ಯುತ್ ಮಾಡಿಕೊಳ್ಳುತ್ತಿವೆ. ದೂರ ಹೋಗಬೇಕಿಲ್ಲ, ನಮ್ಮ ಬಳ್ಳಾರಿ ಕಡೆಯ ತೋರಣಗಲ್ಲಿನಲ್ಲಿ ಕೋರೆಕ್ಸ್ ಎಂಬ ಬಗೆಯ ಕುಲುಮೆಯಿಂದ ಬರುವ ಅನಿಲವನ್ನು ಪಕ್ಕದ ವಿದ್ಯುತ್ ಸ್ಥಾವರಕ್ಕೆ ಇಂಧನವಾಗಿ ಕೊಡುವ ವ್ಯವಸ್ಥೆ ಬಹಳ ಹಿಂದೆಯೇ ಆಗಿದೆ. ಅಂಥ ಅನಿಲವನ್ನು ಬ್ಯಾಕ್ಟೀರಿಯಾಗೆ ಕೊಟ್ಟರೆ ವಿದ್ಯುತ್ತಿಗೆ ಬೇರೆ ಏನನ್ನೋ ಉರಿಸಬೇಕು. ಆ ಬೇರೆ ಏನೋ ಕಲ್ಲಿದ್ದಲೇ ಆದರೆ ಪರಿಸರಕ್ಕೆ ಆದ ಲಾಭವನ್ನು ಅದು ತಿಂದುಹಾಕುತ್ತದೆ. ಸುಮ್ಮನೆ ಬಾನಿಗೆ ಉರಿದುಹೋಗುತ್ತಿದ್ದ ಅನಿಲವಾದರೆ ಮಾತ್ರ ಅದು ನಿಜವಾದ ತ್ಯಾಜ್ಯ.

ಎರಡು, ಬಂಡವಾಳ ದೊಡ್ಡದು. ಗೆಂಟ್‌ನ ಘಟಕವನ್ನೇ ನೋಡಿ. 20 ಕೋಟಿ ಯೂರೋವನ್ನು 20 ವರ್ಷಕ್ಕೆ ಸಮನಾಗಿ ಹಂಚಿ ಸವಕಳಿ ಹಾಕಿದೆ ಎಂದುಕೊಳ್ಳಿ. ವರ್ಷಕ್ಕೆ 1 ಕೋಟಿ ಯೂರೋ. ಘಟಕ ಪೂರ್ತಿ ಸಾಮರ್ಥ್ಯದಲ್ಲಿ ನಡೆದು 8 ಕೋಟಿ ಲೀಟರ್ ಕೊಟ್ಟರೆ ಲೀಟರಿಗೆ 12.5 ಸೆಂಟ್ ಬರೀ ಸವಕಳಿ. ಇದು ನಾನೇ ಊಹಿಸಿಕೊಂಡ ಅವಧಿಯ ಲೆಕ್ಕ. ಇದರಲ್ಲಿ ಸಾಲದ ಬಡ್ಡಿ, ಅನಿಲ, ಶಾಖ, ಸಂಬಳ ಯಾವುದೂ ಸೇರಿಲ್ಲ. ಘಟಕ ಅರ್ಧ ಸಾಮರ್ಥ್ಯದಲ್ಲಿ ನಡೆದರೆ ಈ ಒಂದು ಬಾಬ್ತೇ 25 ಸೆಂಟ್ ಆಗುತ್ತದೆ. ಸ್ಥಿರ ವೆಚ್ಚದ ಪಾಠ ನನಗೆ ಇಷ್ಟು ಚೆನ್ನಾಗಿ ತರಗತಿಯಲ್ಲೂ ಅರ್ಥವಾಗಿರಲಿಲ್ಲ. ಜೊತೆಗೆ ಒಂದು ಲೀಟರ್ ಎಥನಾಲ್‌ನಲ್ಲಿ ಒಂದು ಲೀಟರ್ ಪೆಟ್ರೋಲ್‌ನ ಸುಮಾರು ಮೂರನೇ ಎರಡು ಭಾಗ ಶಕ್ತಿ ಮಾತ್ರ ಇದೆ.

ಮೂರು, ಕೆಲಸಗಾರ ಸೂಕ್ಷ್ಮ. ಐನಿಯೋಸ್ ಬಯೋ ಎಂಬ ಕಂಪನಿ ಅಮೆರಿಕದ ಫ್ಲಾರಿಡಾದ ವೀರೋ ಬೀಚ್‌ನಲ್ಲಿ ಕಸವನ್ನು ಅನಿಲವಾಗಿಸಿ, ಅದನ್ನು ಬ್ಯಾಕ್ಟೀರಿಯಾಗೆ ಕೊಟ್ಟು ಎಥನಾಲ್ ಮಾಡುವ ಘಟಕ ಕಟ್ಟಿತು. 2013ರಲ್ಲಿ ಉತ್ಪಾದನೆ ಶುರುವಾಯಿತು ಎಂದು ಘೋಷಿಸಿತು. ಆದರೆ ಅನಿಲದಲ್ಲಿದ್ದ ಹೈಡ್ರೋಜನ್ ಸಯನೈಡ್ ಬ್ಯಾಕ್ಟೀರಿಯಾಗಳಿಗೆ ವಿಷವಾಯಿತು. ಕೊನೆಗೆ 2016ರಲ್ಲಿ ಕಂಪನಿ ಆ ಘಟಕದಿಂದ ಕೈತೊಳೆದುಕೊಳ್ಳಲು ನಿರ್ಧರಿಸಿತು. ಯಂತ್ರ ಕೆಟ್ಟರೆ ಬಿಡಿಭಾಗ ಹಾಕಬಹುದು, ಕೆಲಸಗಾರರೇ ಸತ್ತರೆ ತೊಟ್ಟಿಯನ್ನೇ ಮತ್ತೆ ಮೊದಲಿನಿಂದ ತುಂಬಿಸಬೇಕು.

ನಾಲ್ಕು, ಮಾರುಕಟ್ಟೆ ನಂಬಿಕಸ್ಥನಲ್ಲ. ಪೆಟ್ರೋಲ್ ಬೆಲೆ ಇಳಿದರೆ ಎಥನಾಲ್‌ಗೆ ಬೇಡಿಕೆ ಇಳಿಯುತ್ತದೆ. ಸರ್ಕಾರದ ನೀತಿ ಬದಲಾದರೆ ಲೆಕ್ಕವೇ ಬುಡಮೇಲು. ಇಷ್ಟೆಲ್ಲ ಸಾಧಿಸಿದ ಲ್ಯಾಂಜಾಟೆಕ್ 2023ರ ಫೆಬ್ರವರಿಯಲ್ಲಿ ಅಮೆರಿಕದ ನಾಸ್ಡಾಕ್ ಷೇರುಪೇಟೆಗೆ ಬಂತು. ಆದರೆ ಆ ವರ್ಷವೂ, ಮುಂದಿನ ವರ್ಷವೂ ನಷ್ಟ ತೋರಿಸಿತು. 2025ರಲ್ಲಿ ಅದರ ಒಂದು ಷೇರಿನ ಬೆಲೆ 1 ಡಾಲರ್‌ಗಿಂತ ಕೆಳಗಿಳಿಯಿತು. ತಂತ್ರಜ್ಞಾನ ಕೆಲಸ ಮಾಡುವುದು ಬೇರೆ, ವ್ಯಾಪಾರ ನಡೆಯುವುದು ಬೇರೆ ಎಂದು ನಾನು ಇದರಿಂದ ಕಲಿತೆ.

ಗಾತ್ರವನ್ನೂ ಮರೆಯಬಾರದು. ಪಾಣಿಪತ್‌ನ ಘಟಕ ವರ್ಷಕ್ಕೆ 330 ದಿನ ಪೂರ್ತಿ ನಡೆದರೆ ಸುಮಾರು 4.2 ಕೋಟಿ ಲೀಟರ್ ಆಗುತ್ತದೆ. ನಮ್ಮ ದೇಶದ ಪೆಟ್ರೋಲ್‌ಗೆ ಈಗ ವರ್ಷಕ್ಕೆ ಬೆರೆಸುವ ಎಥನಾಲ್ ಸುಮಾರು 1,000 ಕೋಟಿ ಲೀಟರ್. ಅಂದರೆ ಶೇ. 1ರ ಅರ್ಧವೂ ಅಲ್ಲ. ಆರಂಭ ಎಂದು ಸಂತೋಷಪಡೋಣ, ಸಮಸ್ಯೆ ಮುಗಿಯಿತು ಎಂದುಕೊಳ್ಳುವುದು ಬೇಡ.

ಹಾಗಾದರೆ ಏನು ಹೇಳೋಣ?

ನಮ್ಮ ಮನೆಯಲ್ಲಿ ತಟ್ಟೆಯಲ್ಲಿ ಅನ್ನ ಬಿಟ್ಟರೆ, ನಲ್ಲಿ ಸುಮ್ಮನೆ ಬಿಟ್ಟರೆ ಇಸ್ರಾಫ್ ಎನ್ನುತ್ತಾರೆ. ಪೋಲು ಮಾಡುವುದು, ದುಂದು ಎಂದು ಅದರ ಅರ್ಥ. ಆ ಮಾತು ಕೇಳಿ ಬೆಳೆದ ನನಗೆ, ಶಕ್ತಿ ಇರುವ ಅನಿಲವನ್ನು ಸುಮ್ಮನೆ ಬಾನಿಗೆ ಬಿಡುವುದನ್ನು ತಡೆಯುವ ಈ ಪ್ರಯತ್ನ ಮೆಚ್ಚುಗೆಯಾಗಿದೆ. ಅದೇ ಸಮಯದಲ್ಲಿ, ಉಳಿಸುವವನ ಲೆಕ್ಕವೂ ಸರಿಯಾಗಿರಬೇಕು. ಹೊಗೆಯಿಂದ ಇಂಧನ ಬರುತ್ತದಲ್ಲ ಎಂದು ಕಲ್ಲಿದ್ದಲನ್ನು ಇನ್ನಷ್ಟು ಸುಡುತ್ತಾ ಹೋದರೆ, ತಟ್ಟೆಯಲ್ಲಿ ಉಳಿದದ್ದನ್ನು ಕೋಳಿಗೆ ಹಾಕುತ್ತೇವಲ್ಲ ಎಂದು ಬೇಕೆಂದೇ ಹೆಚ್ಚು ಬಡಿಸಿಕೊಂಡ ಹಾಗೆ. ಕಲ್ಲಿದ್ದಲಿಲ್ಲದೆ ಉಕ್ಕು ಮಾಡುವ ದಾರಿಗಳನ್ನೂ ಜಗತ್ತು ಹುಡುಕುತ್ತಿದೆ. ಆ ದಾರಿ ಸಿಗುವ ತನಕ, ಈಗ ಇರುವ ಹೊಗೆಯಿಂದ ಆದಷ್ಟು ಕೆಲಸ ತೆಗೆಯುವುದು ಈ ಬ್ಯಾಕ್ಟೀರಿಯಾದ ಪಾಲು.

ಆದ್ದರಿಂದ ಗೆಳೆಯರೇ, ಗೆಳತಿಯರೇ, ಮುಂದೆ ಪತ್ರಿಕೆಯಲ್ಲಿ "ತ್ಯಾಜ್ಯದಿಂದ ಇಂಧನ" ಎಂಬ ಸುದ್ದಿ ಕಂಡರೆ ಮೂರು ಪ್ರಶ್ನೆ ಕೇಳಿ. ಆ ತ್ಯಾಜ್ಯ ನಿಜವಾಗಿ ತ್ಯಾಜ್ಯವಾಗಿತ್ತೇ, ಇಲ್ಲ ಬೇರೆ ಕೆಲಸಕ್ಕೆ ಬರುತ್ತಿತ್ತೇ? ಅದರ ಇಂಗಾಲ ಎಲ್ಲಿಂದ ಬಂತು, ಕೊನೆಗೆ ಎಲ್ಲಿಗೆ ಹೋಗುತ್ತದೆ? ಒಂದು ಲೀಟರಿಗೆ ಎಷ್ಟು ಖರ್ಚು, ಅದನ್ನು ಯಾರು ಕೊಡುತ್ತಾರೆ? ಮೊದಲ ಎರಡಕ್ಕೆ ವಿಜ್ಞಾನ ವಿಭಾಗದವರ ಸಹಾಯ ಬೇಕು, ಮೂರನೆಯದಕ್ಕೆ ಅವರಿಗೆ ನಮ್ಮ ಸಹಾಯ ಬೇಕು. "ಕಾಮರ್ಸ್‌ನವರಿಗೆ ಬ್ಯಾಕ್ಟೀರಿಯಾ ಯಾಕೆ?" ಎಂದು ನಕ್ಕವರಿಗೆ ಇದೇ ನನ್ನ ಉತ್ತರ.

ಈ ಲೇಖನವನ್ನು ಬರೆದು ಮುಗಿಸಿ ದಾದಿಗೆ ಉರ್ದುವಿನಲ್ಲಿ ಹೇಳಿದೆ. ಅವರು ಎಲ್ಲವನ್ನೂ ಕೇಳಿ, "ಆ ಹುಳ ತಿಂದರೆ ತಿನ್ನಲಿ, ನೀನು ಮಾತ್ರ ಬಾಗಿಲು ಮುಚ್ಚಬೇಡ" ಎಂದರು. ನೀವೂ ಮುಚ್ಚಬೇಡಿ. ಚಳಿಗಾಲದಲ್ಲಿ ಕೋಣೆಯೊಳಗೆ ಇದ್ದಿಲು ಇಟ್ಟುಕೊಂಡು ಮಲಗಬೇಡಿ. ಮೊಲದ ಹಿಕ್ಕೆಯ ಆ ಜೀವಿಗೆ ಅದು ಊಟವಾಗಬಹುದು, ನಮಗಂತೂ ಅಲ್ಲ.

ದ್ವಿತೀಯ ಪಿಯುಸಿ, ವಾಣಿಜ್ಯ ವಿಭಾಗ